ಒಬ್ಬರ ಹಬ್ಬ, ಎಲ್ಲರಿಗೂ ರಜೆ

ಮಕ್ಕಳೇ, ಹೊಸ ಕ್ಯಾಲೆಂಡರ್ ಬಂದ ಕೂಡಲೇ ನೀವು ಹುಡುಕುವುದು ಕೆಂಪು ಅಂಕಿಗಳನ್ನು ತಾನೇ? ಬ್ಯಾಂಕಿನಲ್ಲಿ ನಾವೂ ಅದನ್ನೇ ಹುಡುಕುತ್ತಿದ್ದೆವು! ಇಂದು ಮಾರಿಷಸ್ ದೇಶದ ಕ್ಯಾಲೆಂಡರ್ ನೋಡೋಣ.

ಹಿಂದೂ ಮಹಾಸಾಗರದ ಈ ಪುಟ್ಟ ದ್ವೀಪದಲ್ಲಿ ತಮಿಳರ ತೈಪೂಸಂ ಕಾವಡಿ, ಚೀನೀಯರ ವಸಂತ ಹಬ್ಬ, ಈದ್, ಗಣೇಶ ಚತುರ್ಥಿ, ದೀಪಾವಳಿ, ಕ್ರಿಸ್‌ಮಸ್ ಎಲ್ಲಕ್ಕೂ ರಜೆ. ತೆಲುಗರು ಅಲ್ಲಿ ನೆಲೆಸಿರುವುದರಿಂದ ಯುಗಾದಿಗೂ ರಜೆ! ಮಹಾಶಿವರಾತ್ರಿಗೆ ಭಕ್ತರು ಬಿಳಿ ಬಟ್ಟೆಯುಟ್ಟು ಗಂಗಾ ತಲಾವ್ ಎಂಬ ಸರೋವರಕ್ಕೆ ದೂರದೂರದಿಂದ ನಡೆದೇ ಹೋಗುತ್ತಾರೆ. ದಾರಿಯುದ್ದಕ್ಕೂ ಜನ ಅವರಿಗೆ ನೀರು, ತಿಂಡಿ ಕೊಡುತ್ತಾರೆ.

ಎರಡು ರಜೆಗಳು ಮಾತ್ರ ಬೇರೆ ಬಗೆಯವು. ಫೆಬ್ರವರಿ 1, ಗುಲಾಮಗಿರಿ ಕೊನೆಗೊಂಡ ದಿನ, ಅದು 1835ರಲ್ಲಿ. ನವೆಂಬರ್ 2, ಕಬ್ಬಿನ ತೋಟದ ಕೂಲಿಗೆಂದು ಭಾರತದಿಂದ ಕರಾರಿನ ಮೇಲೆ ಬಂದವರ ದಿನ. ಅವರ ಹಡಗು ಮುಟ್ಟಿದ್ದು 1834ರಲ್ಲಿ. ಒಬ್ಬರ ಹಿರಿಯರನ್ನು ಆಫ್ರಿಕಾ, ಮಡಗಾಸ್ಕರ್‌ಗಳಿಂದ ಹಿಡಿದು ತಂದಿದ್ದರು; ಇನ್ನೊಬ್ಬರ ಹಿರಿಯರು ಹೊಟ್ಟೆಪಾಡಿಗೆ ಕಡಲು ದಾಟಿದ್ದರು. ಇಬ್ಬರ ಕಷ್ಟವನ್ನೂ ಇಡೀ ದೇಶ ಒಟ್ಟಿಗೆ ನೆನೆಯುತ್ತದೆ.

ಪಕ್ಕದ ಮನೆಯವರ ಹಬ್ಬದಲ್ಲಿ ಹೋಳಿಗೆಯೋ ಶಾವಿಗೆಯೋ ಸಿಕ್ಕರೆ ಸಂತೋಷವೇ. ಅವರ ಹಿರಿಯರು ಪಟ್ಟ ಪಾಡೂ ನಮಗೆ ತಿಳಿದಿದ್ದರೆ ನೆರೆಹೊರೆ ಗಟ್ಟಿ.

ಮುಂದಿನ ರಜೆ ಯಾರ ದಿನ, ಏಕೆ? ಅಜ್ಜ-ಅಜ್ಜಿಯನ್ನು ಕೇಳಿ. ಅಜ್ಜ-ಅಜ್ಜಿಯರೇ, ಉತ್ತರ ಸಿದ್ಧವಾಗಿರಲಿ!