ಫ್ಯಾನಿನ ಪಾಠದಲ್ಲಿ ಪಂಖಾ ಎಳೆದವನೂ ಇರಲಿ

ಆವಿಯಾಗುವಿಕೆಯಿಂದ ತಂಪು ಉಂಟಾಗುತ್ತದೆ ಎಂಬ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕೊಡುವ ಉದಾಹರಣೆ ಮಡಕೆಯ ನೀರು. ಫ್ಯಾನಿನ ಮಾತು ಬಂದರೆ 'ಅದು ಗಾಳಿಯನ್ನು ತಂಪು ಮಾಡುತ್ತದೆ' ಎನ್ನುವ ಮಕ್ಕಳೇ ಹೆಚ್ಚು. ಈ ತಪ್ಪು ಕಲ್ಪನೆಯನ್ನು ತಿದ್ದಲು ಹಳೆಯ ಕಾಲದ ಪಂಖಾದಿಂದ ಪಾಠ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಬ್ರಿಟಿಷರ ಕಾಲದಲ್ಲಿ ಬಂಗಲೆ, ಕಚೇರಿ, ನ್ಯಾಯಾಲಯಗಳ ಚಾವಣಿಯಿಂದ ಬಟ್ಟೆ ಹೊದಿಸಿದ ಉದ್ದನೆಯ ಮರದ ಚೌಕಟ್ಟನ್ನು ತೂಗುಹಾಕುತ್ತಿದ್ದರು. ಅದಕ್ಕೆ ಕಟ್ಟಿದ ಹಗ್ಗ ಎಷ್ಟೋ ಕಡೆ ಗೋಡೆಯ ಕಿಂಡಿಯಿಂದ ಹೊರಗಿನ ಜಗಲಿಗೆ ಹೋಗುತ್ತಿತ್ತು. ಅಲ್ಲಿ ಕುಳಿತವನು ಹಗ್ಗವನ್ನು ಎಳೆದು ಬಿಡುತ್ತಿದ್ದರೆ ಒಳಗಿನವರಿಗೆ ಗಾಳಿ. ಹಿಂದಿಯಲ್ಲಿ ಪಂಖಾ ಎಂದರೆ ಯಾವ ಬೀಸಣಿಗೆಯೂ ಆದೀತು; ಇಂಗ್ಲಿಷರು ಆ ಹೆಸರನ್ನು ಮುಖ್ಯವಾಗಿ ಈ ತೂಗುಬೀಸಣಿಗೆಗೆ ಇಟ್ಟುಕೊಂಡರು. ಪದದ ಮೂಲ, ರೆಕ್ಕೆ ಎಂಬ ಅರ್ಥದ ಸಂಸ್ಕೃತದ 'ಪಕ್ಷ'. ವ್ಯಾಕರಣದಲ್ಲಿ ತದ್ಭವವೆಂದು ಕಲಿತ ನಮ್ಮ 'ಹಕ್ಕಿ'ಯೂ ಅದೇ ಕುಲದ್ದು. ರೆಕ್ಕೆ ಗಾಳಿಯನ್ನು ತಳ್ಳುತ್ತದೆ, ತಣಿಸುವುದಿಲ್ಲ ಎಂಬುದನ್ನು ಮಕ್ಕಳಿಗೆ ಈ ಹೆಸರಿನಿಂದಲೇ ಹೇಳಬಹುದು.

ಮಾಡಿ ತೋರಿಸುವುದೂ ಸುಲಭ. ಎರಡು ಉಷ್ಣಮಾಪಕಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಎರಡಕ್ಕೂ ರಟ್ಟಿನಿಂದ ಗಾಳಿ ಬೀಸಬೇಕು. ಒಣಗಿದ್ದರಲ್ಲಿ ಪಾದರಸ ಇಳಿಯುವುದಿಲ್ಲ, ಒದ್ದೆಯದರಲ್ಲಿ ಇಳಿಯುತ್ತದೆ. ನಮ್ಮ ಮೈಯ ಬೆವರಿಗೂ ಇದೇ ನಿಯಮ.

ಪಾಠ ಇಲ್ಲಿಗೇ ನಿಲ್ಲಬಾರದು. ಬೀಸುವ ಗಾಳಿಗೆ ಚಲನಶಕ್ತಿ ಎಲ್ಲಿಂದ ಬಂತು? ಹಗ್ಗ ಎಳೆದವನ ತೋಳಿನಿಂದ, ಅವನು ಉಂಡ ಅನ್ನದಿಂದ. ಒಳಗಿನವರ ಬೆವರು ಆರಬೇಕಾದರೆ ಅವನು ಬೆವರಬೇಕಿತ್ತು. ಇ.ಎಂ. ಫಾರ್ಸ್ಟರ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' (1924) ಕಾದಂಬರಿಯ ನ್ಯಾಯಾಲಯದ ದೃಶ್ಯದಲ್ಲಿ ಇಂಥವನೊಬ್ಬ ಬರುತ್ತಾನೆ, ಅವನಿಗೆ ಹೆಸರಿಲ್ಲ.

'ಇದು ಸಮಾಜ ವಿಜ್ಞಾನದವರ ಕೆಲಸ, 40 ನಿಮಿಷದ ಅವಧಿಯಲ್ಲಿ ಸಮಯವೆಲ್ಲಿ?' ಎಂದು ಕೆಲವರು ಕೇಳಬಹುದು. ಆದರೆ ಶಕ್ತಿ ಎಲ್ಲಿಂದ ಬಂತು ಎನ್ನುವುದು ವಿಜ್ಞಾನದ್ದೇ ಪ್ರಶ್ನೆ. ಅದನ್ನು ಬಿಟ್ಟರೆ, ಗುಂಡಿ ಒತ್ತಿದರೆ ಗಾಳಿ ತಾನಾಗಿ ಬರುತ್ತದೆ ಎಂದೇ ಮಕ್ಕಳು ತಿಳಿದಾರು. ಇಂದು ಹಗ್ಗದ ಜಾಗದಲ್ಲಿ ತಂತಿಯಿದೆ; ಅದರ ಇನ್ನೊಂದು ತುದಿಯಲ್ಲಿ ಶರಾವತಿಯ ನೀರಿದೆ, ರಾಯಚೂರಿನ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿದೆ, ಅಲ್ಲಿ ದುಡಿಯುವವರಿದ್ದಾರೆ.

ನಮ್ಮ ಪಾಠಯೋಜನೆಯ ಮೌಲ್ಯಮಾಪನ ಭಾಗಕ್ಕೆ ಒಂದು ಪ್ರಶ್ನೆ ಸೇರಿಸಿಕೊಳ್ಳೋಣ: 'ಈ ಫ್ಯಾನನ್ನು ತಿರುಗಿಸುತ್ತಿರುವವರು ಯಾರು?'