ಪಾರ್ಕಿಗೆ ಮಟಮಟ ಮಧ್ಯಾಹ್ನ ಬೀಗ

ಮೊನ್ನೆ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಕರೆಂಟ್ ಹೋಯಿತು. ನಮ್ಮದು ಮೂರನೇ ಮಹಡಿ, ಮೇಲೆ ಬರೀ ತಾರಸಿ. ಏಪ್ರಿಲ್ ಬಂತೆಂದರೆ ಮನೆಯೊಳಗೇ ಹಪ್ಪಳ ಒಣಗಿಸಬಹುದು. ಮಗಳಿಗೆ ಶಾಲೆಯ ರಜ ಬೇರೆ. "ಅಪ್ಪಾ, ಪಾರ್ಕಿಗೆ ಹೋಗೋಣ್ವಾ?" ಅಂದಳು. ಅರೆ, ಇದು ನನಗ್ಯಾಕೆ ಹೊಳೆಯಲಿಲ್ಲ ಅನ್ನಿಸಿತು. ಮನೆಯಿಂದ ಇನ್ನೂರು ಹೆಜ್ಜೆ ನಡೆದರೆ ನಾಲ್ಕು ಹೊಂಗೆಮರ, ಒಂದು ದೊಡ್ಡ ಮಳೆಮರ ಇರುವ ಪಾರ್ಕ್ ಇದೆ. ಹೊಂಗೆ ಈಗಷ್ಟೇ ಹೊಸ ಎಲೆ ಬಿಟ್ಟು ತಿಳಿಹಸಿರಾಗಿ ನಿಂತಿದೆ. ಒಂದು ಚಾಪೆ, ಡಬ್ಬಿಯಲ್ಲಿ ಮೊಸರನ್ನ, ಬಾಟಲಿಯಲ್ಲಿ ಮಜ್ಜಿಗೆ, ಒಂದು ಪ್ಲಾಸ್ಟಿಕ್ ಚೆಂಡು ತಗೊಂಡು ಅಪ್ಪ ಮಗಳು ಹೊರಟೆವು.

ಗೇಟಿಗೆ ಬೀಗ.

ಹೊರಗೆ ಕಾಂಪೌಂಡಿನ ಪಕ್ಕ ಒಂದಡಿ ಅಗಲದ ನೆರಳು. ಅಷ್ಟರಲ್ಲೇ ಊಟ ತಲುಪಿಸುವ ಹುಡುಗನೊಬ್ಬ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಒಳಗೆ ಮಳೆಮರದ ಕೆಳಗೆ ಕಲ್ಯಾಣಮಂಟಪದಷ್ಟು ನೆರಳು ಖಾಲಿ ಬಿದ್ದಿತ್ತು. ಖಾಲಿ ಅಂದರೆ ಪೂರ್ತಿ ಖಾಲಿ ಅಲ್ಲ, ಒಂದು ಬೀದಿನಾಯಿ ನಾಲ್ಕೂ ಕಾಲು ಚಾಚಿ ಮಲಗಿತ್ತು. ಅದಕ್ಕೆ ಕಂಬಿ ಸಂದಿಯಲ್ಲಿ ನುಗ್ಗೋಕೆ ಬರುತ್ತೆ, ನಮಗೆ ಬರಲ್ಲ :-)

ಗೇಟಿನ ಪಕ್ಕದ ರೂಮಿನಿಂದ ವಾಚ್‌ಮನ್ ಎದ್ದು ಬಂದರು. "ನಾಲ್ಕು ಗಂಟೆಗೆ ಬನ್ನಿ ಸಾರ್."

"ಈಗ ಯಾಕಣ್ಣ ಬೀಗ?"

"ಈ ಬಿಸಿಲಲ್ಲಿ ಯಾರು ಬರ್ತಾರೆ ಸಾರ್ ವಾಕಿಂಗಿಗೆ?"

ಅವರ ಮೇಲೆ ನನಗೇನೂ ಕೋಪ ಬರಲಿಲ್ಲ. ನಾವೆಲ್ಲ ಪಾರ್ಕ್ ಅಂದರೆ ವಾಕಿಂಗ್ ಅಂತಲೇ ತಿಳಿದಿದ್ದೇವಲ್ಲ. ಬೆಳಿಗ್ಗೆ ಒಂದಷ್ಟು ಸುತ್ತು, ಸಂಜೆ ಒಂದಷ್ಟು ಸುತ್ತು, ನಡುವೆ ಶುಗರ್ ಲೆವೆಲ್ ಬಗ್ಗೆ ಮಾತು. ಅಷ್ಟಕ್ಕೆ ಬೇಕಾದದ್ದು ಒಂದು ಹಾದಿ. ಮರವೂ ಬೇಡ, ಮಧ್ಯಾಹ್ನವೂ ಬೇಡ.

ಅಷ್ಟರಲ್ಲಿ ಮಗಳು ಗೇಟಿನ ಬೋರ್ಡನ್ನು ಗಟ್ಟಿಯಾಗಿ ಓದುತ್ತಿದ್ದಳು. ಹೊಸದಾಗಿ ಓದು ಕಲಿತವರ ಉತ್ಸಾಹ ನಿಮಗೆ ಗೊತ್ತೇ ಇದೆ. ಚೆಂಡಾಟ ಆಡಬಾರದು. ಹುಲ್ಲಿನ ಮೇಲೆ ಕೂರಬಾರದು. ತಿಂಡಿ ತಿನ್ನಬಾರದು. ಮರ ಹತ್ತಬಾರದು. ಸೈಕಲ್ ತರಬಾರದು. ಓದಿ ಮುಗಿಸಿ ನನ್ನ ಮುಖ ನೋಡಿದಳು. "ಮತ್ತೆ ಒಳಗೆ ಏನು ಮಾಡಬಹುದು ಅಪ್ಪಾ?"

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಆ ಬೋರ್ಡ್ ಹಾಕಿಸಿ ಅಂತ ಕೊಟ್ಟ ಅರ್ಜಿಯಲ್ಲಿ ನನ್ನ ಸಹಿಯೂ ಇದೆ. ಆಗ ಅಮ್ಮ ಇದ್ದರು. ಸಂಜೆ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಯಾರೋ ಹುಡುಗರ ಟೆನಿಸ್ ಚೆಂಡು ಬಂದು ಕನ್ನಡಕಕ್ಕೆ ಬಿತ್ತು. ಕಣ್ಣಿಗೇನೂ ಆಗಲಿಲ್ಲ, ಕನ್ನಡಕ ಹೋಯಿತು. ಆ ಸಿಟ್ಟಿನಲ್ಲಿ ಮೊದಲನೇ ಸಹಿ ನಾನೇ ಹಾಕಿದ್ದೆ. ಚೆಂಡಾಟಕ್ಕೆ ಮಾತ್ರ ಅಂದುಕೊಂಡಿದ್ದೆ. ಉಳಿದವರು ತಮ್ಮ ತಮ್ಮ ಸಿಟ್ಟಿಗೆ ಒಂದೊಂದು ಸಾಲು ಸೇರಿಸಿದರು. ಅಮ್ಮ ಮಾತ್ರ, "ಪಾಪ, ಅವು ಇನ್ನೆಲ್ಲಿ ಆಡಬೇಕು ಹೇಳು" ಅಂದಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.

ನನ್ನ ಬೇಸಿಗೆ ರಜವೆಲ್ಲ ಕಳೆದದ್ದು ತುಮಕೂರು ಕಡೆ ಅಜ್ಜಿಯ ಊರಿನಲ್ಲಿ. ಊರಾಚೆ ಒಂದು ಗುಂಡುತೋಪು. ನಮ್ಮ ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ: ಮಾವು, ನೇರಳೆ, ಹುಣಸೆ, ಹೊಂಗೆ ಇರುವ, ಯಾರೊಬ್ಬರದೂ ಅಲ್ಲದ, ಇಡೀ ಊರಿಗೆ ಸೇರಿದ ತೋಪು. ಜಾತ್ರೆಗೆ ಬಂದವರು ಗಾಡಿ ಬಿಚ್ಚುವುದು ಅಲ್ಲಿ, ದನ ಕಾಯುವವರು ಬುತ್ತಿ ಬಿಚ್ಚುವುದು ಅಲ್ಲಿ. ನಾವು ಮರಕೋತಿ, ಲಗೋರಿ, ಚಿನ್ನಿದಾಂಡು ಆಡಿದ್ದೂ ಅಲ್ಲೇ. ಅದು ಭರ್ತಿಯಾಗುತ್ತಿದ್ದದ್ದೇ ಮಧ್ಯಾಹ್ನ! ಮರ ನೆಟ್ಟವರ ಲೆಕ್ಕವೇ ಅದು, ಬಿಸಿಲಿನ ಹೊತ್ತಿಗೆ ನೆರಳು. ಬೀಗ ಹಾಕೋಣ ಅಂದರೂ ಅದಕ್ಕೆ ಗೇಟೇ ಇರಲಿಲ್ಲ.

ಬೆಂಗಳೂರಿನಲ್ಲಿ ಈಗ ಆ ನೆರಳು ಮೊದಲಿಗಿಂತ ಹೆಚ್ಚು ಬೇಕು. 2016ರ ಏಪ್ರಿಲ್‌ನಲ್ಲಿ ನಮ್ಮ 'ಏರ್‌ಕಂಡೀಷನ್ಡ್ ಸಿಟಿ' 39.2 ಡಿಗ್ರಿ ಮುಟ್ಟಿತು, 2024ರ ಏಪ್ರಿಲ್ ಕೊನೆಗೆ 38.5. ಎ.ಸಿ. ಇರುವವರು ಕಿಟಕಿ ಮುಚ್ಚಿ ಕೂತರು. ಇಲ್ಲದವರು? ತಗಡಿನ ಶೆಡ್ಡಿನಲ್ಲಿರುವ ಕಟ್ಟಡ ಕೆಲಸದವರ ಮಕ್ಕಳು, ಎರಡು ಆರ್ಡರ್ ನಡುವೆ ಅರ್ಧ ಗಂಟೆ ಸಿಕ್ಕ ಹುಡುಗರು, ಹೂವಿನ ಬುಟ್ಟಿ ಹೊತ್ತು ಬೆಳಿಗ್ಗೆಯಿಂದ ಸುತ್ತಿದ ಅಜ್ಜಿ? ಬೆಳಿಗ್ಗೆ ಆರಕ್ಕೆ ಶೂ ಹಾಕಿಕೊಂಡು ಬರುವ ನನಗಿಂತ ಪಾರ್ಕಿನ ಅಗತ್ಯ ಇವರಿಗೆ ಜಾಸ್ತಿ. ಅವರಿಗೆ ಬಿಡುವು ಸಿಗುವ ಹೊತ್ತಿಗೇ ನಾವು ಬೀಗ ಹಾಕುತ್ತೇವೆ.

ಸರ್ಕಾರಕ್ಕೆ ಇದು ಗೊತ್ತಿಲ್ಲದೆ ಏನಿಲ್ಲ. ಆಗಿನ್ನೂ ಬಿಬಿಎಂಪಿ ಇತ್ತು. ಅದರ ಪಾರ್ಕುಗಳನ್ನೆಲ್ಲ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ 2024ರ ಜೂನ್‌ನಲ್ಲಿ ಹೇಳಲಾಯಿತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂತು. ನಮ್ಮ ಗೇಟಿನ ಬೀಗ ಮಾತ್ರ ಅದೇ ಬೀಗ.

ಕಬ್ಬನ್ ಪಾರ್ಕಿಗೆ ಹೋಗಬಹುದಿತ್ತಲ್ಲ ಮಾರಾಯ ಅನ್ನುತ್ತೀರಿ. ಅವತ್ತು ಹೋದದ್ದೂ ಅಲ್ಲಿಗೇ. ಮೊಸರನ್ನ ವಾಪಸ್ ಮನೆಯಲ್ಲಿಟ್ಟು ಮೆಟ್ರೋ ಹತ್ತಿದೆವು. ಭಾನುವಾರ ಒಳಗೆ ವಾಹನ ಬಿಡುವುದಿಲ್ಲವಾದ್ದರಿಂದ ರಸ್ತೆಯ ಮೇಲೇ ಮಕ್ಕಳು ಸ್ಕೇಟಿಂಗ್ ಮಾಡುತ್ತಿದ್ದರು. ಬಿದಿರುಮೆಳೆಯ ಕೆಳಗೆ ಕೂತರೆ ಗಾಳಿಗೆ ಬಿದಿರು ಕಿರ್ ಅನ್ನುವ ಸದ್ದು, ಹೊರಗೆ ಮೂವತ್ತೈದು ಡಿಗ್ರಿ ಇದೆ ಅಂದರೆ ನಂಬುವ ಹಾಗಿಲ್ಲ. ಒಂದು ಗುಂಪು ಮಾತಿಲ್ಲದೆ ಪುಸ್ತಕ ಓದುತ್ತಿತ್ತು, 'ಕಬ್ಬನ್ ರೀಡ್ಸ್' ಅಂತ ಹೆಸರಾದ ಓದುಗರ ಕೂಟ ಇದೇ ಪಾರ್ಕಿನಲ್ಲಿ ಶುರುವಾದದ್ದು. ಮಗಳು ಬಿದ್ದ ಗುಲ್‌ಮೊಹರ್ ಹೂವಿನ ಎಸಳು ಉಗುರಿಗೆ ಅಂಟಿಸಿಕೊಂಡು ರಾಕ್ಷಸಿಯಾದಳು. 1870ರಲ್ಲಿ ಸ್ಯಾಂಕಿ ರೂಪಿಸಿದ ತೋಟ, ಇವತ್ತಿಗೂ ಬೇಸಿಗೆಯನ್ನು ತಡೆದುಕೊಳ್ಳುತ್ತಿದೆ. ಒಳ್ಳೆಯ ಮಧ್ಯಾಹ್ನ ಅದು, ಸುಳ್ಳು ಹೇಳಲಾರೆ.

ಆದರೆ ಗೋಡೆಗೆ ಒರಗಿದ್ದ ಆ ಹುಡುಗ ಅರ್ಧ ಗಂಟೆಯಲ್ಲಿ ಕಬ್ಬನ್ ಪಾರ್ಕಿಗೆ ಹೋಗಿ ಬರಲಾರ. ಅವನಿಗೆ ಬೇಕಿರುವುದು ಈ ಬೀದಿಯ ಮಳೆಮರ.

ಬೀಗಕ್ಕೂ ಕಾರಣಗಳಿವೆ. ನಮ್ಮ ಸಂಘದ ಹಿರಿಯರನ್ನು ಕೇಳಿದೆ. ಮಧ್ಯಾಹ್ನ ಬಿಟ್ಟರೆ ಇಸ್ಪೀಟು, ಕುಡಿತ, ಜೋಡಿಗಳು, ಕಸ ಅಂದರು. ಜೋಡಿಗಳ ಬಗ್ಗೆ ನನಗೆ ತಕರಾರಿಲ್ಲ, ಅವರಾದರೂ ಎಲ್ಲಿಗೆ ಹೋಗಬೇಕು? ಕುಡಿತದ ಮಾತು ನಿಜ, ಕಸದ ಮಾತೂ ನಿಜ. ಆದರೆ ಖಾಲಿ ಜಾಗದಲ್ಲಿ ಕುಡಿಯುವಷ್ಟು ಧೈರ್ಯವಾಗಿ ಹತ್ತು ಸಂಸಾರ ಚಾಪೆ ಹಾಸಿರುವಲ್ಲಿ ಯಾರೂ ಕುಡಿಯುವುದಿಲ್ಲ. ವಾಚ್‌ಮನ್ನಿಗೂ ಊಟ, ನಿದ್ದೆ ಬೇಕು, ಅದು ನನಗೆ ಸರಿಯಾದ ಕಾರಣ ಅನ್ನಿಸಿತು. ಇನ್ನೊಬ್ಬರನ್ನು ಇಟ್ಟುಕೊಳ್ಳಲು ದುಡ್ಡು ಬೇಕು. ವರ್ಷಕ್ಕೊಮ್ಮೆ ಬಣ್ಣ ಬಳಿಯುವ ಕಾರಂಜಿಯ ಖರ್ಚು ಬಿಟ್ಟರೆ ಆ ದುಡ್ಡು ಹುಟ್ಟುತ್ತೆ ಅಂದೆ. ಕಾರಂಜಿ ನೀರು ಚಿಮ್ಮಿಸಿದ್ದನ್ನು ನಾನಂತೂ ನೋಡಿಲ್ಲ.

ಆ ಹುಲ್ಲುಹಾಸು ಇನ್ನೊಂದು ಕಥೆ. 2024ರ ಮಾರ್ಚ್‌ನಲ್ಲಿ ನೀರಿಲ್ಲದೆ ಊರೆಲ್ಲ ಟ್ಯಾಂಕರ್ ಹಿಂದೆ ಓಡುವಾಗ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದಿತು. ಅಷ್ಟು ನೀರು ಕೇಳುವ ಹುಲ್ಲನ್ನು ನಾವು ಷೋಕೇಸಿನ ಗೊಂಬೆಯ ಹಾಗೆ ಕಾಯುತ್ತೇವೆ, ಮುಟ್ಟುವ ಹಾಗಿಲ್ಲ, ಕೂರುವ ಹಾಗಿಲ್ಲ. ಆ ಜಾಗದಲ್ಲಿ ಇನ್ನೂ ಎರಡು ಹೊಂಗೆ ನೆಟ್ಟು ಕೆಳಗೆ ಬರೀ ಮಣ್ಣು ಬಿಟ್ಟರೆ ಮಕ್ಕಳು ಆಡುತ್ತಾರೆ. ಚೆಂಡಿಗೆ ಬೇಕಾದರೆ ಒಂದು ಮೂಲೆ, ಸುತ್ತ ಬಲೆ. ಕಲ್ಲುಬೆಂಚಿನಿಂದ ದೂರ, ಅದನ್ನು ನಾನು ಒಪ್ಪುತ್ತೇನೆ.

ಹೊಸ ಅರ್ಜಿ ಬರೆದಿದ್ದೇನೆ. ಮಧ್ಯಾಹ್ನ ಬೀಗ ಬೇಡ, ಬೋರ್ಡಿನಲ್ಲಿ ಮೂರು ಸಾಲು ಅಳಿಸಿ ಅಂತ. ಈವರೆಗೆ ಸಹಿ ಹನ್ನೊಂದು. ಹಿಂದಿನದಕ್ಕೆ ಒಂದೇ ಸಂಜೆಯಲ್ಲಿ ನಲವತ್ತು ಬಂದಿತ್ತು. ನಿಮ್ಮ ಬಡಾವಣೆಯ ಪಾರ್ಕಿನ ಗೇಟು ಮಧ್ಯಾಹ್ನ ಎರಡಕ್ಕೆ ಹೇಗಿರುತ್ತೆ, ಒಮ್ಮೆ ನೋಡಿ ಬಂದು ಹೇಳಿ.

ನಿನ್ನೆ ಒಂದು ಗಂಟೆಗೆ ಆ ಕಡೆ ಹೋದಾಗ ವಾಚ್‌ಮನ್ ಪಕ್ಕದ ಚಿಕ್ಕ ಗೇಟನ್ನು ಸ್ವಲ್ಪ ಓರೆ ಮಾಡಿದ್ದರು. ಮಳೆಮರದ ಕೆಳಗೆ ಇಬ್ಬರು ಹುಡುಗರು ಹೆಲ್ಮೆಟ್ಟನ್ನೇ ತಲೆದಿಂಬು ಮಾಡಿ ಮಲಗಿದ್ದರು, ನಾಯಿ ಸ್ವಲ್ಪ ಆಚೆ ಸರಿದಿತ್ತು. ನನ್ನನ್ನು ನೋಡಿ ವಾಚ್‌ಮನ್ ಮೆಲ್ಲಗೆ ಹೇಳಿದರು. "ಮಗೂನ ಕರ್ಕೊಂಡ್ ಬನ್ನಿ ಸಾರ್. ಚೆಂಡು ಮಾತ್ರ ಬೇಡ, ಯಾರಾದ್ರೂ ನೋಡಿದ್ರೆ ನನ್ನ ಬೈತಾರೆ."