ಬಾಗಿಲು ಎತ್ತಿ ಹಾಕುವವರಿಗೆ

ನಮ್ಮ ಕಡೆ ಹಳೆಯ ಜೀಪಿನಲ್ಲಿ ಕೂತವರೆಲ್ಲ ಒಂದು ಮಾತನ್ನು ಕೇಳಿಯೇ ಇರುತ್ತಾರೆ: ‘ಸ್ವಲ್ಪ ಎತ್ತಿ ಹಾಕಿ ಮಾರಾಯ್ರೆ.’ ಸುಮ್ಮನೆ ತಳ್ಳಿದರೆ ಬಾಗಿಲು ಮುಚ್ಚುವುದಿಲ್ಲ. ಹಿಡಿ ಹಿಡಿದು ಅರ್ಧ ಇಂಚು ಮೇಲೆತ್ತಿ ಆಮೇಲೆ ದಬ್ಬಬೇಕು. ಆಲೂರಿನಿಂದ ಸಕಲೇಶಪುರ, ಅಲ್ಲಿಂದ ಹಾನುಬಾಳು, ಬಿಸಿಲೆ ಎಂದು ಎಲ್ಲಿಗೇ ಹೋದರೂ ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ, ಕೇಳಿದವರು ನಗುತ್ತಾರೆ. ನನಗೆ ಈಚೆಗೆ ನಗು ಬರುವುದಿಲ್ಲ. ಎತ್ತಿ ಹಾಕಿಸಿಕೊಳ್ಳುವುದು ಜೀಪಿನ ಗುಣವಲ್ಲ, ಮಾಲೀಕನ ಸೋಮಾರಿತನ. ಆ ಮಾಲೀಕರಲ್ಲಿ ನಾನೂ ಒಬ್ಬ.

ಹೋದ ವರ್ಷ ರೊಬಸ್ಟಾ ಕೊಯ್ಲಿನ ಸಮಯ. ಅಮ್ಮನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತೋಟದಿಂದ ಇಳಿಯುತ್ತಿದ್ದೆ. ಬಲಕ್ಕೆ ತಿರುಗುವ ಒಂದು ಇಳಿಜಾರಿನಲ್ಲಿ ಎಡಬಾಗಿಲು ತಾನಾಗಿಯೇ ತೆರೆದುಕೊಂಡಿತು. ಅಮ್ಮ ಎದುರಿನ ಹಿಡಿ ಹಿಡಿದುಕೊಂಡಿದ್ದರಿಂದ ಉಳಿದರು. ‘ನಾನು ಎತ್ತಿಯೇ ಹಾಕಿದ್ದೆ ಕಣೋ’ ಅಂದರು, ತಪ್ಪು ತಮ್ಮದೇ ಎನ್ನುವ ಹಾಗೆ. ಮನೆಗೆ ಬಂದು ಬಾಗಿಲನ್ನು ಅರ್ಧ ತೆರೆದು, ಲಾಕಿನ ಕಡೆಯ ತುದಿಯನ್ನು ಕೆಳಗಿನಿಂದ ಎತ್ತಿ ನೋಡಿದೆ. ಮೇಲಿನ ಕೀಲು ಹಲ್ಲು ಅಲುಗಿದ ಹಾಗೆ ಅಲುಗಿತು.

ಕೀಲು ಎಂದರೆ ಏನು ಮಹಾ? ಕಂಬಕ್ಕೆ ಒಂದು ತುಂಡು, ಬಾಗಿಲಿಗೆ ಒಂದು ತುಂಡು, ನಡುವೆ ಒಂದು ಪಿನ್ನು. ಬಾಗಿಲಿನ ಭಾರ ಮೇಲಿನ ಕೀಲನ್ನು ಕಂಬದಿಂದ ಹೊರಗೆ ಎಳೆಯುತ್ತದೆ, ಕೆಳಗಿನದನ್ನು ಕಂಬದ ಕಡೆಗೆ ಒತ್ತುತ್ತದೆ. ಹಾಗಾಗಿ ಪಿನ್ನು ಸುತ್ತಲೂ ಸಮನಾಗಿ ಸವೆಯುವುದಿಲ್ಲ, ಒಂದೇ ಮಗ್ಗುಲಲ್ಲಿ ಸವೆಯುತ್ತದೆ. ದುಂಡಗಿದ್ದ ತೂತು ಮೊಟ್ಟೆಯಾಕಾರ ತಾಳುತ್ತದೆ. ಕೀಲಿನ ಹತ್ತಿರ ಒಂದು ಮಿಲಿಮೀಟರ್ ಸಡಿಲವಾದರೆ ಲಾಕಿನ ತುದಿಯಲ್ಲಿ ಬಾಗಿಲು ಎರಡು ಮೂರು ಮಿಲಿಮೀಟರ್ ಜೋತುಬೀಳುತ್ತದೆ. ನಮ್ಮ ಮಳೆ, ಕೆಸರು, ಒಣಗಿದ ಮೇಲೆ ಅದೇ ಕೆಸರಿನ ಧೂಳು ಸೇರಿ ಪಿನ್ನಿಗೆ ಮರಳುಕಾಗದ ಉಜ್ಜಿದ ಹಾಗಾಗುತ್ತದೆ.

ಇಷ್ಟಕ್ಕೆ ನಾವು ಮಾಡುವ ಚಿಕಿತ್ಸೆ ನೋಡಿ. ಮೊದಲು ಕಂಬದ ಮೇಲಿನ ಲಾಕ್ ಪ್ಲೇಟನ್ನು ಅರದಿಂದ ತಿಕ್ಕಿ, ಸ್ವಲ್ಪ ಕೆಳಗಿಳಿಸುತ್ತೇವೆ. ಬಾಗಿಲು ಇಳಿದಿದೆ ಎಂದು ಹೊಸಿಲನ್ನೇ ಇಳಿಸಿದ ಹಾಗೆ. ಆರು ತಿಂಗಳಲ್ಲಿ ಬಾಗಿಲು ಮತ್ತಷ್ಟು ಇಳಿಯುತ್ತದೆ. ಆಗ ಕೀಲಿಗೆ ವೆಲ್ಡಿಂಗ್ ಹಾಕಿಸುತ್ತೇವೆ. ನನ್ನ ಜೀಪಿಗೂ ಮೂರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಹೀಗೇ ಹಾಕಿಸಿದ್ದೆ. ಹತ್ತು ನಿಮಿಷದ ಕೆಲಸ, ಹೆಚ್ಚೇನೂ ಕೇಳಲಿಲ್ಲ. ಸವೆದ ಪಿನ್ನು ಹಾಗೇ ಉಳಿಯಿತು, ವೆಲ್ಡಿಂಗ್ ಕಾವಿಗೆ ಕಂಬದ ತಗಡು ಬಿರುಕುಬಿಟ್ಟಿತು. ಅಮ್ಮನ ಬಾಗಿಲು ತೆರೆದುಕೊಂಡದ್ದಕ್ಕೆ ಅರ್ಧ ಕಾರಣ ಆ ಬಿರುಕು.

ಈಗ ಇನ್ನೊಂದು ಗುಂಪಿನ ಕಡೆ ಬರುತ್ತೇನೆ. ಇವರು ಸೋಮಾರಿಗಳಲ್ಲ, ಭಕ್ತರು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದು, ಹೋಂಸ್ಟೇಯ ಅಂಗಳದಲ್ಲಿ ನಿಂತ ಜೀಪನ್ನು ಸವರಿ, ‘ಒರಿಜಿನಲ್ ಬಾಗಿಲು ಹಾಕಿಸಿ ಸಾರ್’ ಎನ್ನುವವರು. ಎಲ್ಲಿಯ ಒರಿಜಿನಲ್? 1941ರಲ್ಲಿ ಅಮೆರಿಕದ ಸೇನೆಗೆ ವಿಲ್ಲಿಸ್ ಜೀಪು ತಯಾರಾದಾಗ ಅದಕ್ಕೆ ಬಾಗಿಲೇ ಇರಲಿಲ್ಲ. ಬೀಳದಂತೆ ಅಡ್ಡಕ್ಕೊಂದು ಪಟ್ಟಿ, ಅಷ್ಟೆ. ಮುಂದೆ ಮಹೀಂದ್ರದವರು ಇಲ್ಲಿ ಜೀಪು ಜೋಡಿಸಿ, ಆಮೇಲೆ ತಾವೇ ತಯಾರಿಸಿದರು. ಎತ್ತರದ ಬಾನೆಟ್ಟಿನ ಸಿಜೆ 3ಬಿ ಅಮೆರಿಕದಲ್ಲಿ 1968ಕ್ಕೇ ನಿಂತುಹೋದರೂ ನಮ್ಮಲ್ಲಿ ಬಹುಕಾಲ ಬರುತ್ತಲೇ ಇತ್ತು. ಮಲೆನಾಡಿನ ಮಳೆಗೆ ಪಟ್ಟಿ ಸಾಕಾಗುತ್ತದೆಯೇ? ನಮ್ಮ ಜೀಪಿಗೆ ತಗಡು ಬಡಿದು ಬಾಗಿಲು ಮಾಡಿ, ಕೀಲು ಕೂರಿಸಿದವರು ಇಲ್ಲಿಯ ಟಿಂಕರಿಂಗ್‌ನವರು. ಎಡಬಾಗಿಲಿಗೂ ಬಲಬಾಗಿಲಿಗೂ ಅಳತೆ ಒಂದೇ ಇಲ್ಲ. ಆ ಕೀಲು ಅಮೆರಿಕದ್ದೂ ಅಲ್ಲ, ಮುಂಬೈಯದೂ ಅಲ್ಲ, ನಮ್ಮದು.

ಸರ್ಕಾರವೂ ಇದೇ ಭಕ್ತಿಯ ಪಕ್ಷ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ನು ಬದಲಾಗದ ವಾಹನ ಮಾತ್ರ ‘ವಿಂಟೇಜ್’. ಅದಕ್ಕೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಓಡಿಸಬಹುದು. ದಿನನಿತ್ಯದ ಕೆಲಸಕ್ಕೆ ಓಡಿಸುವಂತಿಲ್ಲ. ತಾತ ಕೊಂಡ ನಮ್ಮ ಜೀಪಿಗೆ 50 ದಾಟಿದೆ. ಆದರೆ ಪೆಟ್ರೋಲ್ ಎಂಜಿನ್ನು ಹೋಗಿ ಡೀಸೆಲ್ ಬಂದಿದೆ, ಬಾಗಿಲು ಬಂದಿದೆ, ಇವತ್ತಿಗೂ ಕಣಕ್ಕೆ ಕಾಫಿ ಮೂಟೆ ಹೊರುತ್ತದೆ. ಕೆಲಸ ಮಾಡಿದ್ದಕ್ಕೇ ಅದಕ್ಕೆ ಮರ್ಯಾದೆಯಿಲ್ಲ. ಅದು ಬರೀ ಹಳೆಯ ಗಾಡಿ. ಐದು ವರ್ಷಕ್ಕೊಮ್ಮೆ ಎಫ್‌ಸಿ, 600 ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತ್ತು.

ಶುಲ್ಕದ ಬಗ್ಗೆ ನನ್ನ ತಕರಾರು ಅಷ್ಟಿಲ್ಲ. ಹೊಗೆ ಕಾರುವ, ಬ್ರೇಕು ಹಿಡಿಯದ ಗಾಡಿಗಳು ಗುಜರಿಗೆ ಹೋಗಲಿ. ಶಿರಾಡಿ ಘಾಟಿಯಲ್ಲಿ ಅಂಥದೊಂದು ಹಿಂದೆ ಬರುವಾಗ ನನಗೂ ಭಯವಾಗುತ್ತದೆ. ಭಾವ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು: ‘ಅತ್ತೆ ಬೀಳೋದ್ರಲ್ಲಿದ್ರು, ಇನ್ನೂ ಇಟ್ಕೊಂಡಿದೀಯಲ್ಲ. ಕೊಟ್ಬಿಡು ಅತ್ಲಾಗೆ.’ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ತಪ್ಪು ಜೀಪಿನ ವಯಸ್ಸಿನದಲ್ಲ, ಬೆರಳು ಗಾತ್ರದ ಪಿನ್ನಿನದು.

ನಮ್ಮ ಸಾಹಿತ್ಯದ ಗೆಳೆಯರ ಮೇಲೆಯೂ ನನಗೊಂದು ಮುನಿಸಿದೆ. ಮಲೆನಾಡಿನ ಕಥೆ ಎಂದ ಕೂಡಲೇ ಒಂದು ಮಳೆ, ಒಂದು ಜಿಗಣೆ, ಒಂದು ಹಳೆಯ ಜೀಪು ಬರಲೇಬೇಕು. ಜೀಪು ಕಿರುಗುಟ್ಟಬೇಕು. ಆ ಕಿರುಗುಟ್ಟುವಿಕೆಯಲ್ಲಿ ನಿಮಗೆ ಗತಕಾಲ ಕೇಳಿಸುತ್ತದೆ, ನನಗೆ ಎಣ್ಣೆ ಕಾಣದ ಕಬ್ಬಿಣ ಕೇಳಿಸುತ್ತದೆ.

ಕೊನೆಗೆ ಕೆಲಸ ಮಾಡಿಕೊಟ್ಟವರು ಪೇಟೆಯ ಹಳೆಯ ಲೇತ್ ಅಂಗಡಿಯ ಯಜಮಾನರು. ಬಾಗಿಲಿನ ಕೆಳಗೆ ಜಾಕ್, ಅದರ ಮೇಲೆ ಮಡಚಿದ ಗೋಣಿಚೀಲ. ಕೀಲಿನ ಸುತ್ತ ಮೊಳೆಯಿಂದ ಗೆರೆ ಎಳೆದು, ‘ಎರಡೂ ಒಟ್ಟಿಗೆ ಬಿಚ್ಚಬಾರದು, ಜಾಗ ತಪ್ಪುತ್ತೆ’ ಅಂದರು. ತುಕ್ಕು ಹಿಡಿದ ಪಿನ್ನಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ, ಎಂಜಿನ್ ಆಯಿಲ್ ಬೆರೆಸಿ ಬಿಡಿಸಿದ್ದರು. ಮೊಟ್ಟೆಯಾದ ತೂತನ್ನು ದೊಡ್ಡದು ಮಾಡಿ ಮತ್ತೆ ದುಂಡಗಾಗಿಸಿ, ಹಿತ್ತಾಳೆ ಸರಳಿನಿಂದ ಬುಷ್ ಕಡೆದು ಒತ್ತಿ ಕೂರಿಸಿದರು. ಅದಕ್ಕೆ ಹೊಸ ಉಕ್ಕಿನ ಪಿನ್ನು. ಹಿತ್ತಾಳೆಯೇ ಯಾಕೆ ಎಂದೆ. ‘ಯಾವುದಾದ್ರೂ ಒಂದು ಸವೀಲೇಬೇಕಲ್ಲ. ಬದಲಾಯಿಸೋಕೆ ಸುಲಭವಾದದ್ದು ಸವೀಲಿ’ ಅಂದರು. ಕಂಬದ ಬಿರುಕಿಗೆ ಒಳಗಿನಿಂದ ಪಟ್ಟಿ ಕೊಟ್ಟು ಬೆಸೆದರು. ಅರ್ಧ ದಿನದ ಕೆಲಸ. ಕೂಲಿ ಕೇಳಿ ನನಗೇ ನಾಚಿಕೆಯಾಯಿತು.

ಅವರ ಮಗ ಹಾಸನದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಲೇತ್ ಕಲಿತಿಲ್ಲ.

ಈಗ ಎಡಬಾಗಿಲನ್ನು ಅಮ್ಮ ಒಂದು ಬೆರಳಿನಿಂದ ತಳ್ಳಿದರೂ ಮುಚ್ಚುತ್ತದೆ. ಅಭ್ಯಾಸಬಲದಿಂದ ಅವರು ಇನ್ನೂ ಎತ್ತಿಯೇ ಹಾಕುತ್ತಾರೆ. ಬಲಗಡೆಯದು, ನನ್ನ ಬಾಗಿಲು, ಹಾಗೇ ಇದೆ. ಅವತ್ತು ಹಿತ್ತಾಳೆ ಸರಳು ಮುಗಿದಿತ್ತು, ಮಳೆಗೆ ಮುಂಚೆ ಬನ್ನಿ ಎಂದಿದ್ದಾರೆ.